ಬಾಗಿಲಿಗೆ ಅಂಟಿಸಿದ ಕನ್ನಡ ನೋಟೀಸು

ಗೆಳೆಯರೇ, ನಾರಾಯಣಪೇಟೆಯ ನನ್ನ ಮಗ್ಗದ ಮನೆ ಇವತ್ತು ನನ್ನ ಕನ್ನಡದಿಂದಲೇ ಬರಿದಾಗುವುದರಲ್ಲಿತ್ತು.

ಭಾರತದ ಸೈನ್ಯ ಬಂದು ನಿಜಾಮರನ್ನು ಇಳಿಸಿದ ಪೊಲೀಸ್ ಆ್ಯಕ್ಷನ್ ಆದಾಗಿನಿಂದ ನೂಲು ಸರಿಯಾಗಿ ಬರುತ್ತಿಲ್ಲ. ನಿಜಾಮರ ಕಾಲದಲ್ಲಿ ನೋಟೀಸನ್ನು ಉರ್ದುವಿನಲ್ಲಿ ಬರೆಸುತ್ತಿದ್ದೆ. ಈಗ ನಮ್ಮದೇ ಕಾಲವೆಂಬ ಹುರುಪಿನಲ್ಲಿ, ಬೆಳಿಗ್ಗೆ ನಾನೇ ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ: 'ತಂತುವಿನ ಅಭಾವದಿಂದ ನೇಯ್ಗೆಯ ಕಾರ್ಯ ಸ್ಥಗಿತಗೊಂಡಿದೆ.'

ಸ್ವಲ್ಪ ಹೊತ್ತಿಗೆ ಹಿರಿಯ ನೇಕಾರ ಸಾಯಪ್ಪ ತನ್ನ ಬಟ್ಟೆಬರೆಯ ಗಂಟು ಹೊತ್ತು ಬಂದ. ಅವನ ಹಿಂದೆ ಉಳಿದ ಎಂಟೂ ಜನ ನೇಕಾರರು.

"ಸ್ಥಗಿತ ಅಂದ್ರ ನಮ್ಮನ್ನ ತಗದು ಹಾಕಿದ್ದಂತಲ್ರೀ ಸಾವಕಾರ್ರ. ಸೊಲ್ಲಾಪುರದ ಗಿರಣಿಗೆ ಹೊಂಟೀವ್ರಿ" ಎಂದ.

ಅಂಗಳಕ್ಕೆ ಓಡಿ ಬಂದು ಕೂಗಿದೆ: "ಯಾರನ್ನೂ ತಗದಿಲ್ಲಪಾ! ನೂಲಿಲ್ಲ, ಅಷ್ಟ. ಸೋಮವಾರ ಬರ್ತೈತಿ. ಅಲ್ಲೀತನಕ ಎಲ್ಲಾರ ಮನಿಗೂ ಜೋಳ ನಾ ಕಳಸ್ತೀನಿ."

ಸಾಯಪ್ಪ ಗಂಟು ಇಳಿಸಿದ. ಎಲ್ಲರೂ ನಗುತ್ತ ಕಟ್ಟೆಯ ಮೇಲೆ ಕೂತರು. ಒಳಗಿನಿಂದ ನನ್ನ ಹೆಂಡತಿ ಚಹಾ ತಂದಳು.

ಲೋಟ ತೆಗೆದುಕೊಳ್ಳುತ್ತ ಸಾಯಪ್ಪ ಕೇಳಿದ: "ಇಷ್ಟು ತಿಳಿಯಂಗ ಮಾತಾಡಾಕ ಬರ್ತೈತಿ ನಿಮಗ. ಮತ್ತ ಬರಿಯಾಕ ಯಾಕ ಹೋದ್ರಿ?"

ಹಾಗೆ ಕೇಳಿದವನಿಗೆ ಇನ್ನೊಂದು ಲೋಟ ಚಹಾ ಕೊಡಿಸಿ, ಬಾಗಿಲಿನ ನೋಟೀಸನ್ನು ಕಿತ್ತು ಹಾಕಿದೆ.