ಕಾಲ್ಗುಣದ ಸೀಸನ್

ಇದನ್ನು ಬರೆಯಬೇಕೆಂದುಕೊಂಡು ಒಂದೂವರೆ ವರ್ಷವಾಯಿತು. ಪೆನ್ನು ಹಿಡಿದಾಗಲೆಲ್ಲ ಏನಾದರೊಂದು ನೆವ ಸಿಗುತ್ತಿತ್ತು. ಹಿತ್ತಲ ಹುಲ್ಲು ಕತ್ತರಿಸಬೇಕು, ಜಿಪಿ ಹತ್ತಿರ ಹೋಗಿ ಬಿಪಿ ತೋರಿಸಬೇಕು, ಕೌನ್ಸಿಲ್ ಟ್ಯಾಕ್ಸ್ ಕಾಗದ ಹುಡುಕಬೇಕು. ನಿಜವಾದ ಕಾರಣ ಬೇರೆ. ಆ ಸೀಸನ್ ನೆನಪಾದರೆ ನನಗೆ ಮೊದಲು ಬರುವುದು ನಗು. ತಪ್ಪು ಒಪ್ಪಿಕೊಳ್ಳಲು ಕೂತವನು ನಗುತ್ತಾ ಕೂತರೆ ಹೇಗೆ?

ನಾನು ಮೈಸೂರು ಕಡೆಯವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹೆಂಡತಿಗೆ ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಅವಳ ಬೆನ್ನಿಗೆ ಬಂದೆ. ಸೊಲಿಹಲ್‌ನಲ್ಲಿ ಮನೆ ಮಾಡಿ, ಕಾರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಗಿಲು ಜೋಡಿಸಿದೆ. ಅಮೆರಿಕನ್ ಫುಟ್‌ಬಾಲ್ ಎಂಬುದೊಂದು ಇದೆಯೆಂದು ಗೊತ್ತಿತ್ತು, ಅಷ್ಟೆ. ಹೆಲ್ಮೆಟ್ ಹಾಕಿಕೊಂಡ ಗೂಳಿಗಳು ಒಂದರ ಮೇಲೊಂದು ಬೀಳುವುದರಲ್ಲಿ ಏನು ಆಟ ಎಂದು ಚಾನೆಲ್ ಬದಲಾಯಿಸುತ್ತಿದ್ದವನಿಗೆ ಅದನ್ನು ಕಲಿಸಿದವಳು ನನ್ನ ಮಗನನ್ನು ಮದುವೆಯಾಗಿ ಬಂದ ಧಾರವಾಡದ ಹುಡುಗಿ.

ಅವಳು ಔಷಧದ ಸಂಶೋಧನೆ ಮಾಡುವವಳು. ಕೆಲಸ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ ದೂರದ ಬೀಸ್ಟನ್‌ನಲ್ಲಿ. ಅದಕ್ಕೂ ಮೊದಲು ಅಮೆರಿಕದಲ್ಲಿ, ಸರೋವರದ ದಡದ ಒಂದು ಚಳಿಯ ಊರಿನಲ್ಲಿ ಎರಡು ವರ್ಷ ಓದಿದ್ದಳು. ಆ ಊರಿನ ತಂಡವೇ ಅವಳ ತಂಡ. ಮದುವೆಯಾಗಿ ಮನೆಗೆ ಬಂದ ದಿನ ಹೊಸ್ತಿಲ ಮೇಲಿಟ್ಟ ಅಕ್ಕಿ ಸೇರನ್ನು ಬಲಗಾಲಿನಿಂದ ಒದ್ದಳಲ್ಲ, ಅದು ಲ್ಯಾಮಿನೇಟ್ ನೆಲದ ಮೇಲೆ ಉರುಳಿಕೊಂಡು ಹೋಗಿ ರೇಡಿಯೇಟರಿಗೆ ಬಡಿದು ಢಣಾರ್ ಎಂದಿತು. ಅದು ಸೆಪ್ಟೆಂಬರ್ ತಿಂಗಳು. ಮರುದಿನ ಸಂಜೆ ಆರಕ್ಕೆ ಅವಳ ತಂಡದ ಸೀಸನ್ ಶುರು.

"ಮಾವಾರ, ಕಬಡ್ಡಿ ಗೊತ್ತೈತಿಲ್ಲ ನಿಮಗ? ಹಂಗ ಇದು. ಹತ್ತು ಗಜ ಮುಂದ ಹೋಗಬೇಕು, ನಾಕು ಚಾನ್ಸು. ಕಡೀ ಗೆರಿ ದಾಟಿದ್ರ ಟಚ್‌ಡೌನ್."

ಇಷ್ಟು ಹೇಳಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಎರಡು ಮನೆ ಆಚೆಗಿರುವ ನಿವೃತ್ತ ಡಾಕ್ಟರಿಗೂ ಹಿಡಿಸಿದೆ. ಅವರು ಉಡುಪಿಯವರು, ಒಬ್ಬರೇ ಇರುತ್ತಾರೆ. ಭಾನುವಾರ ಸಂಜೆ ಚಪ್ಪಲಿ ಎಳೆದುಕೊಂಡು ಬಂದುಬಿಡುವರು.

ಆದರೆ ಆ ಮೊದಲ ವರ್ಷ ತಂಡ ಮಣ್ಣು ಮುಕ್ಕಿತು. ಗೆದ್ದದ್ದು ಬೆರಳೆಣಿಕೆ. ಚೆಂಡು ಕೈಗೆ ಬಂದರೆ ಜಾರುವುದು, ಎಸೆದರೆ ಎದುರಾಳಿಯ ಎದೆಗೇ ಹೋಗಿ ಸೇರುವುದು. ಡಿಸೆಂಬರ್ ಹೊತ್ತಿಗೆ ಡಾಕ್ಟರು ಕಣ್ಣು ಮುಚ್ಚಿಕೊಂಡು ಪಂದ್ಯ ನೋಡುತ್ತಿದ್ದರು. ತಂಡದ ಮಾಲೀಕರು ಕೋಚನ್ನು ಮನೆಗೆ ಕಳಿಸಿದರು. ಮುಂದಿನ ವರ್ಷಕ್ಕೆ ಹೊಸ ಕೋಚು, ಚೆಂಡೆಸೆಯಲು ಎಳೆ ಮುಖದ ಹೊಸ ಆಟಗಾರ. ಬೇಸಿಗೆಯಿಡೀ ಅವಳು ಅವನ ವಿಡಿಯೋ ತೋರಿಸಿ ತೋರಿಸಿ ನನ್ನ ತಲೆ ತಿಂದಳು. "ಈ ವರ್ಷ ನೋಡ್ರಿ ಮಾವಾರ, ಈ ವರ್ಷ ನಮ್ದ."

ಎರಡನೇ ವರ್ಷದ ಮೊದಲ ಪಂದ್ಯದ ದಿನ ಅವಳು ಲೆಸ್ಟರ್‌ನಲ್ಲಿ ಗೆಳತಿಯ ಸೀಮಂತಕ್ಕೆ ಹೋಗಿದ್ದಳು. ತಂಡ ಗೆದ್ದಿತು. ಎರಡನೇ ವಾರ ಅವಳು ಸೋಫಾದ ನಡುವೆ ತಂಡದ ಜೆರ್ಸಿ ಹಾಕಿಕೊಂಡು ಕೂತಳು. ಅರ್ಧ ಆಟದವರೆಗೆ ಬರೀ ಏಟು. ಗಿರ್ಮಿಟ್ ಮಾಡುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು. ಒಗ್ಗರಣೆ ಚಟಪಟ ಅನ್ನುವಷ್ಟರಲ್ಲಿ ಟಚ್‌ಡೌನ್! ಸೌಟು ಹಿಡಿದುಕೊಂಡೇ ಓಡಿ ಬಂದಳು. ಚೆಂಡು ಜಾರಿತು. ವಾಪಸು ಹೋದಳು. ಟಚ್‌ಡೌನ್!

"ಅಮ್ಮಾ ತಾಯಿ, ನೀನು ಅಲ್ಲೇ ಇರು!" ಎಂದು ನಾನು ಕೂಗಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿನ ಉಬ್ಬಿನಲ್ಲಿ ನನ್ನ ಬಾಯಿಂದ ಮುಂದಿನದೂ ಬಂತು. "ನೋಡಿ ಡಾಕ್ಟ್ರೇ, ಹೋದ ವರ್ಷ ಇವಳು ಬಂದಳು, ತಂಡ ಮುಳುಗಿತು. ಈಗ ಆಚೆ ಹೋದಳು, ತೇಲ್ತಾ ಇದೆ. ಎಲ್ಲಾ ಕಾಲ್ಗುಣ ಕಣ್ರೀ!"

ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಇವಳ ಕಾಲು ಸೊಲಿಹಲ್ಲಿನಲ್ಲಿದೆ, ಚೆಂಡು ಅಮೆರಿಕದಲ್ಲಿ ಬೀಳ್ತಾ ಇದೆ. ಏನ್ರೀ ಸಂಬಂಧ? ವಯಸ್ಸಾಯ್ತು, ಬುದ್ಧಿ ಬೇಡ್ವಾ?"

"ಡ್ಯಾಡ್, ದಿಸ್ ಈಸ್ ರಿಡಿಕ್ಯುಲಸ್," ಎಂದ ಮಗ. ಇಲ್ಲೇ ಹುಟ್ಟಿದವನು, ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ. ಆದರೆ ಹಾಗೆ ಅಂದವನು ಹೋಗಿ ಅವಳನ್ನು ಕರೆದುಕೊಂಡು ಬಂದನೇ? ಇಲ್ಲ. ಗಿರ್ಮಿಟ್ ಬಟ್ಟಲು ತಂದು, ಅಡುಗೆಮನೆಯ ಬಾಗಿಲನ್ನು ಕಾಲಿನಿಂದ ಮುಚ್ಚಿಕೊಂಡು ಬಂದ.

ಮರುವಾರ ನಾನು ಒಂದು ರೋಟಾ, ಅಂದರೆ ಯಾರ ಪಾಳಿ ಎಲ್ಲಿ ಎಂಬ ಪಟ್ಟಿ, ಬರೆದೆ. ಹೆಂಡತಿಯ ನರ್ಸ್ ಕೆಲಸದಿಂದ ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ ರೋಟಾ ಅಂಟಿಸುವ ಅಭ್ಯಾಸ ಹಳೆಯದು. ಡಾಕ್ಟರು ಕಿಟಕಿ ಪಕ್ಕದ ಕುರ್ಚಿ, ಎಡಗಾಲಿಗೆ ಸಾಕ್ಸ್ ಇಲ್ಲ. ಮಗ ನೆಲದ ಮೇಲೆ. ನಾನು ಸೋಫಾದ ಬಲತುದಿ, ಮಫ್ಲರ್ ಸಮೇತ. ಹೆಂಡತಿ ಎಲ್ಲಿ ಬೇಕಾದರೂ, ಯಾಕೆಂದರೆ ಅವಳು ಹೇಳಿದ ಹಾಗೆ ಕೇಳುವವಳಲ್ಲ. ಕೊನೆಯ ಸಾಲಿನಲ್ಲಿ ಸೊಸೆಯ ಹೆಸರು. ಅದರ ಮುಂದೆ "ಹೊರಗೆ".

ಅವಳು ಅದನ್ನು ಓದಿ, "ಅಯ್ಯ, ನನಗ ಡ್ಯೂಟಿ ಹೊರಗೇನ್ರಿ?" ಎಂದು ನಕ್ಕು, ಕಾರಿನ ಕೀ ತೆಗೆದುಕೊಂಡು ಹೋದಳು.

ತಂಡ ಗೆದ್ದಿತು. ಅದರ ಮುಂದಿನ ವಾರವೂ ಗೆದ್ದಿತು. ಆ ಶರತ್ಕಾಲವನ್ನು ಹೇಗೆ ವರ್ಣಿಸಲಿ! ಸಂಜೆ ನಾಲ್ಕಕ್ಕೆ ಕತ್ತಲಾಗುವ ಈ ಊರಿನಲ್ಲಿ ಭಾನುವಾರ ಆರು ಗಂಟೆಗೆ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. ಡಾಕ್ಟರು ಮಂಡಿಚಿಪ್ಪು ಬದಲಾಯಿಸಿಕೊಂಡವರು, ಕಾಫಿ ಮೇಜಿನ ಸುತ್ತ ಕುಣಿಯುತ್ತಿದ್ದರು. "ಓಡು ಮಾರಾಯಾ ಓಡು, ಹಿಂದೆ ನೋಡಬೇಡ!" ಎಂದು ಅವರು ಅಮೆರಿಕದ ಆಟಗಾರನಿಗೆ ಬುದ್ಧಿ ಹೇಳಿದರೆ ಅವನು ನಿಜವಾಗಿಯೂ ಓಡುತ್ತಿದ್ದ. ಒಮ್ಮೆ ನಾನು ಹಾರಿದ ರಭಸಕ್ಕೆ ಸೋಫಾದ ಕಾಲು ಮುರಿಯಿತು. ಅದಕ್ಕೆ ಇಟ್ಟಿಗೆ ಕೊಟ್ಟು, ಇನ್ನು ಇಟ್ಟಿಗೆಯನ್ನೂ ತೆಗೆಯಬಾರದು ಎಂದು ರೋಟಾದಲ್ಲಿ ಬರೆದೆ.

ಈ ಮೂರು ತಿಂಗಳಲ್ಲಿ ಸೊಸೆ ಭಾನುವಾರ ಆರರಿಂದ ಒಂಬತ್ತರವರೆಗೆ ಎಲ್ಲಿರುತ್ತಾಳೆ ಎಂದು ನಾನು ಕೇಳಲಿಲ್ಲ. ಗೊತ್ತಾದರೆ ಕರೆಯಬೇಕಾಗುತ್ತದೆಂದು ಕೇಳಲಿಲ್ಲ.

ಜನವರಿಯಲ್ಲಿ ಪ್ಲೇಆಫ್. ಸೋತರೆ ಸೀಸನ್ ಮುಗಿದಂತೆ. ಅರ್ಧ ಆಟಕ್ಕೆ ನಮ್ಮವರು ಹಿಂದಿದ್ದರು. ಎದೆ ಹೊಡೆದುಕೊಳ್ಳುವುದು ತಾಳಲಾರದೆ, ಮರುದಿನದ ಕಸದ ಬಿನ್ ಹೊರಗಿಡುವ ನೆಪದಲ್ಲಿ ಮನೆಯ ಮುಂದಕ್ಕೆ ಹೋದೆ. ಡ್ರೈವ್‌ವೇನಲ್ಲಿ ಅವಳ ಕಾರು ನಿಂತಿತ್ತು. ಗಾಜೆಲ್ಲ ಮಂಜು ಕಟ್ಟಿತ್ತು, ಒಳಗೆ ನೀಲಿ ಬೆಳಕು. ಬಗ್ಗಿ ನೋಡಿದೆ. ದಪ್ಪ ಕೋಟಿನ ಮೇಲೆ ಜೆರ್ಸಿ ಏರಿಸಿಕೊಂಡು, ಸ್ಟೀರಿಂಗಿಗೆ ಫೋನ್ ಒರಗಿಸಿಕೊಂಡು, ಉಗುರು ಕಚ್ಚುತ್ತಾ ಕೂತಿದ್ದಳು.

ಬಾಗಿಲು ತೆರೆದಳು. "ಬರ್ರಿ ಮಾವಾರ, ಕುಂದರ್ರಿ. ಬಾಗ್ಲಾ ಹಾಕ್ರಿ, ಥಂಡಿ ಬರ್ತೈತಿ."

ಕೂತೆ. "ಇಲ್ಲೇ ನೋಡ್ತೀಯಾ ಯಾವಾಗಲೂ?" ಎಂದೆ.

"ಮತ್ತೆಲ್ಲಿ ಹೋಗ್ಲಿ? ಆದ್ರ ಫೋನಿನ್ಯಾಗ ಅರ್ಧ ನಿಮಿಷ ತಡಾ ಬರ್ತೈತ್ರಿ. ನೀವು ಒಳಗ ಚೀರಿದ್ರ ಇಲ್ಲಿ ಟಚ್‌ಡೌನ್ ಬರೋದೈತಿ ಅಂತ ಗೊತ್ತಾಗ್ತೈತಿ. ನೀವು ಸುಮ್ಮನಾದ್ರ ನಮ್ಮ ಕಥಿ ಮುಗೀತು ಅಂತ. ಇಡೀ ಸೀಸನ್ ಹಿಂಗ ನೋಡೇನಿ."

ಅವಳು ಇದನ್ನು ತಮಾಷೆಯೆಂದೇ ಹೇಳಿದಳು. ನನಗೆ ಮುಖ ಎಲ್ಲಿಡಲಿ ಎನಿಸಿತು. ಅವಳದೇ ತಂಡ, ಅವಳೇ ಕಾದ ವರ್ಷ. ಒಂದು ಗೆಲುವೂ ಅವಳಿಗೆ ತಾಜಾ ಸಿಕ್ಕಿರಲಿಲ್ಲ. ಎಲ್ಲವನ್ನೂ ನಾವು ಗೋಡೆಯಾಚೆ ಮೊದಲು ಸವಿದು, ಆಮೇಲೆ ಅವಳಿಗೆ ಬಿಟ್ಟಿದ್ದೆವು.

"ಒಳಗೆ ಬಾರಮ್ಮ," ಎಂದೆ.

"ಬ್ಯಾಡ್ರಿ, ಈಗ ಬ್ಯಾಡ. ಗೆದ್ದುಬಿಡ್ಲಿ. ನಾ ಬಂದು ಏನರ ಆದ್ರ?"

ವಿಜ್ಞಾನ ಓದಿದ ಹುಡುಗಿ ಹೀಗೆನ್ನಬೇಕಾದರೆ! ನಾನೂ ಅಲ್ಲೇ ಕೂತೆ. ಕೊನೆಯ ನಿಮಿಷ ಬಂತು. ಎಳೆ ಮುಖದವನು ತನ್ನವರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಮನೆಯೊಳಗಿಂದ ಡಾಕ್ಟರ ಕಿರುಚಾಟ, ಅದರ ಹಿಂದೆಯೇ ಮಗನದು. ಸೊಸೆ ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ಬರಾಕತ್ತೈತಿ ಮಾವಾರ, ಬರಾಕತ್ತೈತಿ!" ಅರ್ಧ ನಿಮಿಷ ಉಸಿರು ಬಿಗಿಹಿಡಿದು ಕಾದೆವು. ಚೆಂಡು ಮೇಲೆದ್ದಿತು, ತಿರುಗುತ್ತಾ ತಿರುಗುತ್ತಾ ಗೆರೆಯಾಚೆಗಿನ ಎರಡು ಕೈಗಳಿಗೆ ಇಳಿಯಿತು.

ಇಬ್ಬರೂ ಕಾರಿನಿಂದ ಹೊರಗೆ ಹಾರಿದೆವು. ಎಪ್ಪತ್ತಮೂರರ ಮುದುಕ, ಜೆರ್ಸಿ ತೊಟ್ಟ ಸೊಸೆ, ಬಿನ್ನಿನ ಸುತ್ತ ಕುಣಿತ. ಕಾರಿನೊಳಗೆ ಕೈ ಹಾಕಿ ಹಾರನ್ ಬೇರೆ ಒತ್ತಿದಳು. ಎದುರು ಮನೆಯ ಇಂಗ್ಲಿಷ್ ಹೆಂಗಸು ಬಾಗಿಲು ತೆರೆದು, "ಎವರಿಥಿಂಗ್ ಆಲ್‌ರೈಟ್, ಲವ್?" ಎಂದರು.

"ಸಾರಿ, ಸಾರಿ, ವೆರಿ ಸಾರಿ," ಎಂದೆ ನಾನು, ಕೈ ಮುಗಿದು.

ಎಷ್ಟು ಸಲೀಸಾಗಿ ಬಂತು ಆ ಮಾತು! ಈ ದೇಶದಲ್ಲಿ ಅಂಗಡಿಯಲ್ಲಿ ನನ್ನ ಕಾಲು ತುಳಿದವನಿಗೂ ನಾನೇ ಸಾರಿ ಹೇಳಿದ್ದೇನೆ. ಪಕ್ಕದಲ್ಲಿ ಮೂಗು ಕೆಂಪಾಗಿ, ಚಳಿಗೆ ನಡುಗುತ್ತಾ, ನಗುತ್ತಾ ನಿಂತಿದ್ದವಳ ಕಡೆಗೆ ತಿರುಗಿ ಅದನ್ನೇ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. "ಮುಂದಿನ ವಾರ ನೀನು ಒಳಗೆ ಕೂತ್ಕೋಬಹುದು." ಫೋರ್‌ಮನ್ ರಜೆ ಮಂಜೂರು ಮಾಡಿದ ಹಾಗೆ.

ಮುಂದಿನ ವಾರ ರೋಟಾ ಹರಿದುಹಾಕಿ ಅವಳನ್ನು ಸೋಫಾದ ನಡುವೆ ಕೂರಿಸಿದೆ. ಅವಳು ಮೊದಲ ಟಚ್‌ಡೌನಿಗೆ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ನಮ್ಮ ಜೊತೆಗೇ ಕೂಗಿದಳು, ಅರ್ಧ ನಿಮಿಷ ಆಮೇಲಲ್ಲ. ಪಂದ್ಯ ಕೊನೆಯ ಒದೆತದವರೆಗೂ ಎಳೆಯಿತು. ಚೆಂಡು ಎರಡು ಕಂಬಗಳ ನಡುವೆ ಹೋಗಬೇಕು, ಹೋದರೆ ಗೆಲುವು. ಕಂಬಕ್ಕೆ ಬಡಿದು ಹಿಂದಕ್ಕೆ ಬಿತ್ತು.

ಸೀಸನ್ ಮುಗಿಯಿತು. ಆಮೇಲೆ ಡಾಕ್ಟರು, ಪಾಪ, ವಾತಾವರಣ ಹಗುರ ಮಾಡಲೆಂದು, "ರೋಟಾ ಹರಿಯಬಾರದಿತ್ತು ಮಾರಾಯ್ರೆ," ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ಅವಳೂ ನೋಡಿದಳು. ಆ ಕ್ಷಣಕ್ಕೆ ಒಂದೇ ಮಾತು ಸಾಕಿತ್ತು. ನಾನು ನಕ್ಕೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ.

"ತಪ್ಪು ನಂದ ಬಿಡ್ರಿ," ಎಂದು ಅವಳೂ ನಕ್ಕಳು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ಹೋದಳು. ಐದು ತಟ್ಟೆ ತೊಳೆಯಲು ಬೇಕಾದದ್ದಕ್ಕಿಂತ ಬಹಳ ಹೊತ್ತು ಅಲ್ಲಿ ನಲ್ಲಿ ಹರಿಯುತ್ತಿತ್ತು. ನನ್ನ ಹೆಂಡತಿ ನನ್ನನ್ನು ದಿಟ್ಟಿಸಿ ನೋಡಿ, ಎದ್ದು ಒಳಗೆ ಹೋದಳು. ನಾನು ಟಿವಿಯಲ್ಲಿ ಅದೇ ಒದೆತವನ್ನು ಮತ್ತೆ ಮತ್ತೆ ನೋಡುತ್ತಾ ಕೂತೆ.

ಈಗ ಅವರಿಬ್ಬರೂ ಬೀಸ್ಟನ್‌ನಲ್ಲಿ ಮಾರ್ಟ್‌ಗೇಜ್ ಮೇಲೆ ಮನೆ ಮಾಡಿದ್ದಾರೆ. ದಿನಾ ಅಷ್ಟು ದೂರ ಕಾರು ಓಡಿಸುವುದು ಕಷ್ಟ ಎಂದಳು, ಅದು ನಿಜವೂ ಹೌದು. ಭಾನುವಾರ ಅರ್ಧ ಆಟದ ಹೊತ್ತಿಗೆ ಅವಳೇ ಫೋನ್ ಮಾಡುತ್ತಾಳೆ. "ನೋಡಿದ್ರೇನ್ರಿ ಮಾವಾರ ಅವನ ಆಟಾ?" ಎನ್ನುತ್ತಾಳೆ. ನೋಡಿದೆ ಕಣಮ್ಮ ಎನ್ನುತ್ತೇನೆ. ಹತ್ತು ನಿಮಿಷ ಹರಟಿ, ಇಬ್ಬರೂ ಹೊಟ್ಟೆ ತುಂಬ ನಕ್ಕು ಇಡುತ್ತೇವೆ. ಇಟ್ಟ ಮೇಲೆ ನೆನಪಾಗುತ್ತದೆ, ಇವತ್ತೂ ಹೇಳಲಿಲ್ಲ ಎಂದು.

ಸೋಫಾ ಮುರಿದದ್ದಕ್ಕೆ ಹೆಂಡತಿಯ ಕ್ಷಮೆ ಕೇಳಿದ್ದೇನೆ. ಒಂದು ಚಳಿಗಾಲವಿಡೀ ಸಾಕ್ಸ್ ಬಿಚ್ಚಿಸಿ ಕೂರಿಸಿದ್ದಕ್ಕೆ ಡಾಕ್ಟರ ಕ್ಷಮೆ ಕೇಳಿದ್ದೇನೆ. ಎದುರು ಮನೆಯವರಿಗೆ ಹೋಳಿಗೆ ಕೊಟ್ಟು ಮತ್ತೊಮ್ಮೆ ಸಾರಿ ಹೇಳಿ ಬಂದಿದ್ದೇನೆ. ಕೇಳದೆ ಉಳಿದದ್ದು ನನ್ನ ಸೊಸೆಯ ಕ್ಷಮೆ.