ಹಗ್ಗದ ಪಕ್ಕದ ನೆರಳು

ಆ ಶುಕ್ರವಾರ ಮಾಡಿದ ಕೆಲಸಗಳು ಸ್ಟುಡಿಯೋದ ಡೈರಿಯಲ್ಲಿ ಹೀಗೆ ಇವೆ: ಬಾವಿಯಿಂದ ಆರು ಕೊಡ ನೀರು ಸೇದಿದ್ದು. ಅಕ್ಕಿ ಕಡೆದು ನೀರುದೋಸೆ ಹೊಯ್ದದ್ದು. ಬಂಗುಡೆ ಮೀನಿಗೆ ಉಪ್ಪು, ಅರಸಿನ ಹಚ್ಚಿಟ್ಟದ್ದು. ಎಂಟು ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಲಕೋಟೆಗೆ ಹಾಕಿದ್ದು. ಸ್ಟುಡಿಯೋದ ಪರದೆ ಒಗೆದು ಒಣಗಲು ಹಾಕಿದ್ದು. ಕಡಲ ಬದಿಗೆ ಹೋಗಿ, ಬಲೆ ಕಟ್ಟುವವರಿಂದ ಉದ್ದದ ನೀಲಿ ಹಗ್ಗ ಕೇಳಿ ತಂದದ್ದು.

ಕೊನೆಯದೊಂದು ದಿನನಿತ್ಯದ ಕೆಲಸವಲ್ಲ. ನಾನು ಮಾಡಿದ ತಪ್ಪೊಂದನ್ನು ನೆಟ್ಟಗೆ ಮಾಡಲಿಕ್ಕೆ ಆ ಹಗ್ಗ ಬೇಕಾಗಿತ್ತು.

ಕಾಪುವಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಸಣ್ಣ ಸ್ಟುಡಿಯೋ. ಮದುವೆಯ ವಿಡಿಯೋ ಮತ್ತು ಫೋಟೋ ತೊಳೆಯುವ ಕತ್ತಲೆಕೋಣೆ ನನ್ನ ಗಂಡನದ್ದು, ಫೋಟೋ ತೆಗೆಯುವುದು ನನ್ನದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಇನ್ನೂ ರೋಲು ಹಾಕುವ ಕಾಲ. ಒಮ್ಮೆ ಕಾರ್ಕಳದ ಮದುವೆ ಮುಗಿಸಿ ಬರುವಾಗ ಬೆಳ್ಮಣ್ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಸ್ತೆಯ ಬದಿಯಲ್ಲಿ ಕೆಂಪುಕಲ್ಲು ಕಡಿದ ಹಳೆಯ ಕೋರೆ. ಎರಡು ಕಡೆ ಚಾಕುವಿನಿಂದ ಕೊಯ್ದ ಹಾಗೆ ಎತ್ತರದ ಗೋಡೆ, ನಡುವೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟೇ ಓಣಿ. ಕೆಳಗಿಳಿದು, ಕುಕ್ಕುರುಗಾಲಲ್ಲಿ ಕುಳಿತು, ಕ್ಯಾಮೆರಾವನ್ನು ಆಕಾಶಕ್ಕೆ ಎತ್ತಿ ಒಂದು ತೆಗೆದೆ. ಫೋಟೋದಲ್ಲಿ ಗೋಡೆಗಳು ಮೇಲೆ ಹೋದ ಹಾಗೆ ಒಂದಕ್ಕೊಂದು ವಾಲಿ, ಆಕಾಶ ಒಂದು ಗರಿಯಷ್ಟೇ ಉಳಿದಿತ್ತು. ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ತೂಗುಹಾಕಿದೆ. ಬಂದವರೆಲ್ಲ "ಇದು ಯಾವ ದೇಶ?" ಎಂದು ಕೇಳುತ್ತಿದ್ದರು. "ಬೆಳ್ಮಣ್" ಎನ್ನುವಾಗ ನನ್ನ ಸ್ವರ ಸ್ವಲ್ಪ ದೊಡ್ಡದೇ ಆಗುತ್ತಿತ್ತು.

ನಮ್ಮಿಂದ ನಾಲ್ಕು ಮನೆ ಆಚೆ ಒಬ್ಬರು ಬಾಯಮ್ಮ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಾವು ಹಾಗೆಯೇ ಕರೆಯುವುದು. ಅವರ ಗಂಡ ಗಲ್ಫ್‌ನಲ್ಲಿದ್ದುಕೊಂಡು ಮಣಿಪಾಲದಲ್ಲಿ ಎರಡು ಕಟ್ಟಡ ಕಟ್ಟಿಸುತ್ತಿದ್ದರು. ಐದು ಮಾಳಿಗೆಯ ಮೊದಲನೆಯದು ಮುಗಿದಿತ್ತು. ಅದಕ್ಕೂ ಪಕ್ಕದ ಹಾಸ್ಟೆಲಿಗೂ ನಡುವೆ ಕೋರೆಯ ಓಣಿಯಂಥದ್ದೇ ಒಂದು ಗಲ್ಲಿ. ಗಲ್ಲಿಯ ತುದಿಗೆ ಎದುರಾಗಿ ಎರಡನೆಯ ಕಟ್ಟಡ ಮೂರನೇ ಮಾಳಿಗೆಯವರೆಗೆ ಎದ್ದಿತ್ತು. ಬಾಯಮ್ಮ ಕೋರೆಯ ಫೋಟೋ ನೋಡಿ, "ನಮ್ಮದನ್ನೂ ಹೀಗೇ ತೆಗೆಯಿರಿ ಆಯ್ತಾ, ಅವರಿಗೆ ಕಳಿಸಲಿಕ್ಕೆ ಉಂಟು" ಎಂದರು. ಹಾಗೇ ತೆಗೆದೆ. ಗಲ್ಲಿಯಲ್ಲಿ ಕುಳಿತು, ಕ್ಯಾಮೆರಾ ಎತ್ತಿ.

ಗಲ್ಫ್‌ನವರು ಪ್ರತಿ ಶುಕ್ರವಾರ ಸಂಜೆ ಫೋನ್ ಮಾಡುತ್ತಿದ್ದರು. ಫೋಟೋ ತಲುಪಿದ ವಾರ ಅವರು ಹೇಳಿದ್ದು ಒಂದೇ ಮಾತು: ಗೋಡೆ ವಾಲಿದೆ, ಎರಡನೆಯದರ ಕೆಲಸ ನಿಲ್ಲಿಸು, ಬೇರೆ ಮೇಸ್ತ್ರಿಯನ್ನು ನೋಡು.

ಮುಂದಿನ ಗುರುವಾರ, ಎರಡೂ ಕಟ್ಟಡದ ಗೋಡೆ ಎಬ್ಬಿಸಿದ ಮೇಸ್ತ್ರಿ ನಮ್ಮ ಸ್ಟುಡಿಯೋಕ್ಕೆ ಬಂದ. ಗದಗದ ಕಡೆಯವನು, ನನ್ನದೇ ಪ್ರಾಯ. ಬಾಯಮ್ಮನ ಹತ್ತಿರ ಉಳಿದಿದ್ದ ಇನ್ನೊಂದು ಪ್ರತಿಯನ್ನು ಮೇಜಿನ ಮೇಲೆ ಇಟ್ಟ.

"ಅಕ್ಕಾರ, ಇದನ್ನ ನೀವ ತಗದದ್ದೇನ್ರಿ?"

"ಹೌದು. ಎಂತ ಆಯ್ತು?"

"ಇದರಾಗ ನನ್ನ ಗೋಡಿ ಬೀಳಾಕತ್ತೈತಲ್ರಿ!"

ಫೋಟೋ ನೋಡಿದೆ. ತಲೆ ಎತ್ತಿ, ತೂಗುಹಾಕಿದ್ದ ಕೋರೆಯನ್ನೂ ನೋಡಿದೆ. ಕ್ಯಾಮೆರಾ ಗೋಡೆಯ ಹಾಗೆ ನೆಟ್ಟಗೆ ನಿಂತರೆ ಗೋಡೆಯೂ ನೆಟ್ಟಗೆ. ಕ್ಯಾಮೆರಾದ ತಲೆ ಎತ್ತಿದರೆ ಗೋಡೆ ವಾಲುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹೊಗಳಿಸಿಕೊಂಡು ಹೊಗಳಿಸಿಕೊಂಡು ಮರೆತಿದ್ದೆ. ಕೋರೆಯ ಗೋಡೆ ವಾಲಿದ್ದಕ್ಕೆ ಯಾರೂ ನನ್ನ ಹತ್ತಿರ ಜವಾಬು ಕೇಳಿರಲಿಲ್ಲ.

"ಹದಿನೆಂಟು ವರ್ಷ ಆತ್ರಿ ಗುಂಡು ಹಿಡದು" ಎಂದ. ಗೋಡೆ ನೆಟ್ಟಗಿದೆಯೇ ಎಂದು ಇಳಿಬಿಟ್ಟು ನೋಡುವ, ದಾರಕ್ಕೆ ಕಟ್ಟಿದ ಹಿತ್ತಾಳೆಯ ತೂಕ ಅವನ ಅಂಗಿಯ ಕಿಸೆಯಲ್ಲೇ ಇತ್ತು. "ಒಂದೊಂದು ಕಲ್ಲಿನ ವರಸಿಗೂ ಗುಂಡು ಬಿಟ್ಟು ನೋಡೀನಿ. ಈಗ ಚಾದಂಗಡಿಗೆ ಹ್ವಾದ್ರ, 'ಬಾರಪಾ ವಾಲಿದ ಗೋಡಿ' ಅಂತಾರ. ಕೆಲಸ ಹ್ವಾದ್ರ ಹೋಗ್ಲಿ, ಈ ಹೆಸರು ಹೋಗಂಗಿಲ್ರಿ."

ಒಳಗಿನಿಂದ ನನ್ನ ಗಂಡ, "ಮದುಮಗಳ ಗಲ್ಲ ಎತ್ತಿಸಿ ಎತ್ತಿಸಿ ಇವಳಿಗೆ ಎಲ್ಲವನ್ನೂ ಎತ್ತಿಯೇ ಅಭ್ಯಾಸ ಮಾರಾಯ" ಎಂದರು.

"ನೀವು ಸ್ವಲ್ಪ ಸುಮ್ಮನಿರಿ" ಎಂದೆ. ಮೇಸ್ತ್ರಿಗೆ ಹೇಳಿದೆ: "ತಪ್ಪು ನನ್ನದು. ನಾಳೆ ಅವರ ಫೋನ್ ಬರುವ ಮೊದಲು ಇನ್ನೊಂದು ತೆಗೆಯುವ. ಗೋಡೆಯ ಪಕ್ಕ ನಿಮ್ಮ ಗುಂಡನ್ನೂ ಬಿಡುವ, ಮೇಲಿನಿಂದ ಕೆಳಗಿನವರೆಗೆ."

ದಾರ ಫೋಟೋದಲ್ಲಿ ಕಾಣುವುದಿಲ್ಲ, ಅದಕ್ಕೇ ಬಲೆಯ ಹಗ್ಗ.

ಶುಕ್ರವಾರ ಹತ್ತು ಗಂಟೆಗೆ ಮಣಿಪಾಲದಲ್ಲಿದ್ದೆ. ರೇಲಿಂಗ್ ಇಲ್ಲದ ಮೆಟ್ಟಿಲಲ್ಲಿ ಸೀರೆ ಎತ್ತಿಕಟ್ಟಿ ಎರಡನೆಯ ಕಟ್ಟಡದ ಮೂರನೇ ಮಾಳಿಗೆ ಹತ್ತಿದೆ. ಅಲ್ಲಿ ನಿಂತರೆ ಗಲ್ಲಿಯೊಳಗಿನ ಮೊದಲ ಕಟ್ಟಡದ ಗೋಡೆಯ ಅರ್ಧ ಎತ್ತರಕ್ಕೆ ನನ್ನ ಕಣ್ಣು. ಕ್ಯಾಮೆರಾ ಎತ್ತಲೂ ಬೇಡ, ತಗ್ಗಿಸಲೂ ಬೇಡ. ಮೇಸ್ತ್ರಿ ತನ್ನ ಗುಂಡನ್ನು ಸ್ಟ್ಯಾಂಡಿನ ಬದಿಗೆ ಹಿಡಿದು, "ಇನ್ನ ಒಂದೆಳಿ ಹಿಂದ... ಹಾಂ, ಈಗ ಅಲ್ಲಾಡಬ್ಯಾಡ್ರಿ" ಎಂದು ಕ್ಯಾಮೆರಾಕ್ಕೂ ಗೋಡೆಯ ಪಾಠ ಹೇಳಿದ.

ಆಮೇಲೆ ಮೊದಲ ಕಟ್ಟಡದ ತಾರಸಿಗೆ ಹೋಗಿ, ಹೊರಚಾಚಿದ ಹಲಗೆಯಿಂದ ಹಗ್ಗ ಇಳಿಬಿಟ್ಟ. ಬಲೆಯಲ್ಲಿ ಸುರುಳಿಯಾಗಿ ಕೂತ ಹಗ್ಗ ಹಿತ್ತಾಳೆಯ ಗುಂಡಿನ ಭಾರಕ್ಕೆ ನೆಟ್ಟಗಾಗಲಿಲ್ಲ, ಹಾವಿನ ಹಾಗೆ ನುಲಿಯಿತು. ಕೆಳಗಿಳಿದು ಅರ್ಧ ಕೆಂಪುಕಲ್ಲು ಕಟ್ಟಿದ. ಗಾಳಿಗೆ ಕಲ್ಲೂ ತೂಗಾಡಿತು. ಆಗ ಡ್ರಮ್ಮಿನಲ್ಲಿ ನೀರು ತುಂಬಿಸಿ ಕಲ್ಲನ್ನು ಅದರೊಳಗೆ ಮುಳುಗಿಸಿದ. ಹಗ್ಗ ನಿಂತಿತು, ಗೋಡೆಯಿಂದ ಒಂದು ಗೇಣು ದೂರದಲ್ಲಿ.

ಗಲ್ಲಿಯಲ್ಲಿ ಇನ್ನೂ ನೆರಳಿತ್ತು. ಮೆತ್ತಗಿನ ಬೆಳಕು, ಗಾರೆಯ ಯಾವ ಕೊರತೆಯೂ ಕಾಣದ ಬೆಳಕು. ಅವನ ಮೇಲಿನ ಕನಿಕರದಿಂದ ಕೂಗಿ ಹೇಳಿದೆ: "ಈಗಲೇ ತೆಗೆಯುತ್ತೇನೆ. ಬಿಸಿಲು ಬಂದರೆ ಸಣ್ಣ ಉಬ್ಬು ತಗ್ಗು ಕೂಡ ಎದ್ದು ಕಾಣುತ್ತದೆ, ಅಲ್ವಾ?"

ಕೆಳಗಿನಿಂದ ಉತ್ತರ ಬಂತು: "ಕಾಣ್ಲಿ ಬಿಡ್ರಿ ಅಕ್ಕಾರ. ಬಿಸಲು ಬೀಳೂತನಕ ತಡೀರಿ."

ಕಾದೆವು. ಆ ಗೋಡೆಗೆ ದಿನಕ್ಕೆ ಅರ್ಧ ಗಂಟೆಯೇ ಬಿಸಿಲು. ಮಧ್ಯಾಹ್ನ ದಾಟಿದ ಮೇಲೆ ಅದು ಗೋಡೆಯನ್ನು ಸವರಿಕೊಂಡು, ಮೇಲಿನ ಮಾಳಿಗೆಯಿಂದ ಒಂದೊಂದಾಗಿ ಇಳಿಯಿತು. ಅದರ ಜೊತೆಗೆ ಹಗ್ಗದ ನೆರಳೂ ಇಳಿಯತೊಡಗಿತು. ಇದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಗೋಡೆ ಒಂದು ಬೆರಳು ವಾಲಿದರೂ ಹಗ್ಗಕ್ಕೂ ನೆರಳಿಗೂ ನಡುವಿನ ಜಾಗ ಮೇಲೊಂದು, ಕೆಳಗೊಂದು ಆಗಬೇಕು. ಐದನೇ ಮಾಳಿಗೆಯಲ್ಲಿ ಎಷ್ಟಿತ್ತೋ ನಾಲ್ಕರಲ್ಲೂ ಅಷ್ಟೇ, ಮೂರರಲ್ಲೂ ಅಷ್ಟೇ. ನೆರಳು ನೆಲ ಮುಟ್ಟುವವರೆಗೆ ನಾನು ಕ್ಯಾಮೆರಾದ ಬಟನ್ನಿನಿಂದ ಬೆರಳು ತೆಗೆಯಲಿಲ್ಲ. ರೂಲುಪಟ್ಟಿ ಇಟ್ಟು ಎಳೆದಂಥ ಎರಡು ಗೆರೆ. ನಾಲ್ಕು ಸಲ ಕ್ಲಿಕ್ ಮಾಡಿದೆ.

ಮೇಸ್ತ್ರಿ ಓಡಿಕೊಂಡು ಮೂರನೇ ಮಾಳಿಗೆಗೆ ಬಂದ. ಎರಡೂ ಕೈ ಸೊಂಟಕ್ಕಿಟ್ಟು, ತನ್ನ ಗೋಡೆಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಕೊನೆಗೆ ನಾಲ್ಕನೇ ಮಾಳಿಗೆಯ ಕಿಟಕಿಯ ಹತ್ತಿರ ಕೈ ತೋರಿಸಿದ.

"ಅಲ್ಲೊಂದೀಟು ಉಬ್ಬೇತಿ ನೋಡ್ರಿ. ಅದು ನನ್ನ ಹೆಂಡ್ತಿ ತಮ್ಮನ ಕೈ. ನನ್ನದಲ್ರಿ."

ಬಣ್ಣದ ರೋಲು ಉಡುಪಿಯ ಲ್ಯಾಬಿಗೆ ಹೋಗಿ ಬರಲು ಮೂರು ದಿನ. ಅದಕ್ಕೇ ಕಪ್ಪುಬಿಳುಪು ಹಾಕಿದ್ದೆ. ಸಂಜೆಯೊಳಗೆ ನನ್ನ ಗಂಡ ದೊಡ್ಡ ಪ್ರತಿ ಮಾಡಿ ಹೊರಗೆ ತಂದರು. ತಮಾಷೆ ಮಾಡಲಿಲ್ಲ. "ಇದು ಕೋರೆಗಿಂತ ಚಂದ ಆಗಿದೆ" ಎಂದರು.

ಸರಿಯಾಗಿ ಒಣಗದ ಪ್ರತಿಯನ್ನು ಹಿಡಿದು ನಾನೂ ಮೇಸ್ತ್ರಿಯೂ ಬಾಯಮ್ಮನಲ್ಲಿಗೆ ಹೋದೆವು. ಅವರು ಕನ್ನಡಕ ಹಾಕಿ, ಅಡುಗೆಮನೆಯಿಂದ ಅಳತೆಪಟ್ಟಿ ತಂದು, ಹಗ್ಗಕ್ಕೂ ನೆರಳಿಗೂ ನಡುವೆ ಮೇಲೆ, ಮಧ್ಯೆ, ಕೆಳಗೆ ಇಟ್ಟು ನೋಡುವಷ್ಟರಲ್ಲಿ ಫೋನ್ ಬಂತು. ಅವರ ಕೊಂಕಣಿ ನನಗೆ ಅರ್ಥವಾಗುತ್ತದೆ.

"ಕೈಯಲ್ಲೇ ಉಂಟು. ನಾನೇ ಅಳೆದದ್ದು... ಇಲ್ಲ, ವಾಲಲಿಲ್ಲ. ವಾಲಿದ್ದು ಕ್ಯಾಮೆರಾ. ತೆಗೆದವರೇ ಇಲ್ಲಿ ನಿಂತು ಒಪ್ಪುತ್ತಿದ್ದಾರೆ... ಬೇರೆ ಮೇಸ್ತ್ರಿಯಾ? ಹಾಗಾದರೆ ನೀವೇ ಬಂದು ಕಟ್ಟಿ!"

ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಕನ್ನಡದಲ್ಲಿ, "ಯಾವಾಗ ಶುರು ಅಂತ ಕೇಳ್ತಾರೆ" ಎಂದರು.

"ನಾಳೆ ಮುಂಜಾನೆ ಎಂಟಕ್ಕರಿ" ಎಂದ ಮೇಸ್ತ್ರಿ, ಆಗಲೇ ಚಪ್ಪಲಿ ಮೆಟ್ಟುತ್ತ. "ಆ ಫೋಟೋದ್ದು ನನಗೊಂದು ಬೇಕ್ರಿ. ಚಾದಂಗಡಿಗೆ."

ಅವನ ಹೆಂಡತಿ ಮಧ್ಯಾಹ್ನಕ್ಕೆ ಕಟ್ಟಿಕೊಟ್ಟ ಜೋಳದ ರೊಟ್ಟಿಯನ್ನು ಬಿಚ್ಚಿಯೇ ಇರಲಿಲ್ಲ. ಗಂಟನ್ನು ನನ್ನ ಕೈಗಿಟ್ಟು ಬಸ್ಸಿಗೆ ಓಡಿದ. ಆ ರಾತ್ರಿ ನಾವು ಹುಳಿಖಾರದ ಬಂಗುಡೆ ಪುಳಿಮುಂಚಿಗೆ ಜೋಳದ ರೊಟ್ಟಿ ಅದ್ದಿ ತಿಂದೆವು. ರೊಟ್ಟಿ ಗಟ್ಟಿಯಾಗಿತ್ತು, ಚೆನ್ನಾಗಿ ಸಾರು ಹೀರಿತು. ಮೊದಲು ಮಲಗಿದ್ದು ನನ್ನ ಗಂಡ, ಕೈಯಲ್ಲಿ ಇನ್ನೂ ಕತ್ತಲೆಕೋಣೆಯ ಮದ್ದಿನ ವಾಸನೆ. ನಾನು ಕೋರೆಯ ಫೋಟೋದ ಪಕ್ಕದಲ್ಲಿ ಹೊಸದಕ್ಕೆ ಇನ್ನೊಂದು ಮೊಳೆ ಹೊಡೆದು, ಆಮೇಲೆ ಮಲಗಿದೆ.