ಖಾರೆ ಎಂದರೆ ಖಾರವಲ್ಲ

ಗೋವಾದ ಬಾಯ್ನಾ ಕಡಲತಡಿಯ ಗುಡಿಸಲುಗಳು ಇನ್ನೂ ನೆಲಸಮವಾಗಿರದ ಕಾಲ. ನಾನು ಲಿಂಗ ಕಟ್ಟಿದ ಮನೆಯ ಮಗಳು, ಇವರು ಕೃಷ್ಣೆಯ ದಂಡೆಯ ಅಂಬಿಗರು. ಮದುವೆಯಾದ ಮೇಲೆ ಊರಲ್ಲಿ ನಮಗೆ ಒಂದು ತಂಬಿಗೆ ನೀರು ಕೊಡುವವರೂ ಇರಲಿಲ್ಲ. ಗೋವಾಕ್ಕೆ ಬಂದು ಇವರು ಬಂದರಿನಲ್ಲಿ ಮೂಟೆ ಹೊರುವ ಕೆಲಸ ಹಿಡಿದರು. ನಾನು ಒಂದೇ ಸೀಮೆಎಣ್ಣೆ ಸ್ಟೋವಿನ ಮೇಲೆ ಎರಡು ಥರದ ಅಡುಗೆಗೆ ನಿಂತೆ.

"ನಿನಗ ಒಗ್ಗದ್ದು ಮಾಡಬ್ಯಾಡ" ಎಂದಿದ್ದರು ಇವರು. ಹಟ ನನ್ನದೇ. ಹಗಲೆಲ್ಲ ಹೊರೆ ಹೊತ್ತು ಬಂದ ಗಂಡನಿಗೆ ಬರೀ ಬೇಳೆಸಾರು ಬಡಿಸಿದರೆ ನಾನೆಂಥ ಹೆಂಡತಿ? ಬೇರೆ ಬೋಗುಣಿ ಇಟ್ಟೆ, ಮೂಗಿಗೆ ಸೆರಗು ಕಟ್ಟಿಕೊಂಡು ಮೀನು ಕುದಿಸಿದೆ. ಉಪ್ಪು ನೋಡುವ ಮಾತು ಮಾತ್ರ ಇರಲಿಲ್ಲ. ಕೊರಳಲ್ಲಿ ಲಿಂಗ ಇಟ್ಟುಕೊಂಡು ಮೀನಿನ ರಸ ನಾಲಿಗೆಗೆ ಹಚ್ಚಲೇ? ಕೈಯಳತೆಯೇ ಗತಿ.

ಮಳೆಗಾಲದಲ್ಲಿ ದೋಣಿಗಳು ನೀರಿಗಿಳಿಯುತ್ತಿರಲಿಲ್ಲ, ಬಂದರಿನಲ್ಲೂ ಕೆಲಸ ಕಡಿಮೆ. ಮನೆಯಲ್ಲಿ ರೇಷನ್ ಅಕ್ಕಿ, ಹಿಡಿ ತೊಗರಿಬೇಳೆ, ನನ್ನ ಪಾಲಿಗೆ ಶೇಂಗಾಚಟ್ನಿ. ಪಕ್ಕದ ಗುಡಿಸಲಿನ ಕೊಂಕಣಿ ಮುದುಕಿ ಒಣಮೀನು ಮಾರುತ್ತಿದ್ದಳು. ಅವಳನ್ನು ನಾನು ಮಾವ್ಶಿ ಎನ್ನುತ್ತಿದ್ದೆ. ಒಂದು ಪುಡಿಕೆ ಕೈಗಿಟ್ಟು "ಖಾರೆ" ಎಂದಳು. ನಮ್ಮ ಕಡೆ ಖಾರ ಎಂದರೆ ಮೆಣಸಿನಪುಡಿ, ಅದು ತೊಟ್ಟಿಲ ಕೂಸಿಗೂ ಗೊತ್ತು. ಖಾರ ಹಚ್ಚಿಯೇ ಒಣಗಿಸಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಖಾರದಪುಡಿ ಕೈಬಿಟ್ಟು, ಬೇಳೆಸಾರಿಗೆ ಹಾಕುವಷ್ಟು ಉಪ್ಪು ಹಾಕಿ ಕುದಿಸಿದೆ. ಎಂಥ ಶಾಣ್ಯಾಕಿ ನಾನು!

"ಹೆಂಗಾಗೇತ್ರಿ?" ಎಂದು ಕೇಳಿದರೆ, "ಭಾಳ ಚಲೋ ಆಗೇತಿ" ಎನ್ನುವರು. ದಿನವೂ ಮಾವ್ಶಿಯ ಅದೇ ಒಣಮೀನು, ಇವರದು ಇದೇ ಮಾತು. ಉಂಡೆದ್ದು ಎರಡೆರಡು ತಂಬಿಗೆ ನೀರು ಕುಡಿಯುವರು.

"ಉಪ್ಪು ತಿಂದಾವ ನೀರು ಕುಡೀಬೇಕಂತ. ಏನ್ ತಪ್ಪು ಮಾಡಿ ಬಂದೀರಿ?" ಎಂದು ಕಾಡಿಸುತ್ತಿದ್ದೆ. ಇವರೂ ನಗುತ್ತಿದ್ದರು.

ಶ್ರಾವಣ ಕಳೆಯುವಷ್ಟರಲ್ಲಿ ಇವರ ಪಾದ ಬಾತವು. ಒಂದು ಮಧ್ಯಾಹ್ನ ಮೂಟೆಯ ಸಮೇತ ಕುಸಿದು ಬಿದ್ದರು. ಬೀಪಿ ಕೈಮೀರಿದೆ, ಉಪ್ಪು ಬಿಡಿಸದಿದ್ದರೆ ತಲೆಯ ನರ ಒಡೆದು ಜೀವ ಹೋದೀತು ಎಂದರು ಡಾಕ್ಟರು. ನಾನು ಅವರ ಮೇಲೆಯೇ ಜಗಳಕ್ಕೆ ನಿಂತೆ. ನಾನು ಹಾಕುವುದು ನಮ್ಮವ್ವ ಕಲಿಸಿದ ಅಳತೆ, ಜಾಸ್ತಿ ಹೇಗಾದೀತು?

ಸಂಜೆ ಇವರನ್ನು ನೋಡಲು ಮಾವ್ಶಿ ಬಂದಳು. ಒಲೆಯ ಮೇಲೆ ಬೆಳಿಗ್ಗೆಯಿಂದ ಇದ್ದ ಮೀನುಸಾರಿನ ಬೋಗುಣಿಗೆ ಬೆರಳದ್ದಿ ನೆಕ್ಕಿದವಳು ಬಾಗಿಲಾಚೆ ಓಡಿ ಉಗುಳಿದಳು.

"ಅಗೋ, ಖಾರ್ಯಾಂತ ಪರತ ಮೀಟ?"

ಪರತ ಎಂದರೆ ಮತ್ತೆ, ಮೀಟ ಎಂದರೆ ಉಪ್ಪು, ಅಷ್ಟು ಕೊಂಕಣಿ ನನಗೂ ಬರುತ್ತಿತ್ತು. ಖಾರೆ ಎಂದರೆ ಉಪ್ಪು ತುಂಬಿ ಒಣಗಿಸಿದ ಮೀನು ಎಂಬುದು ತಿಳಿದದ್ದು ಆಗ. ಅದನ್ನು ನೀರಿನಲ್ಲಿ ನೆನೆಸಿ ಉಪ್ಪು ತೆಗೆಯಬೇಕಂತೆ. ನಾನು ಉಪ್ಪಿಗೇ ಉಪ್ಪು ಸುರಿದಿದ್ದೆ.

ಚಾಪೆಯ ಮೇಲೆ ಮಲಗಿದ್ದವರ ಕಡೆ ತಿರುಗಿದೆ.

"ನಿಮಗ ಬಾಯಿ ಇರಲಿಲ್ಲೇನ್ರಿ? ನನ್ನ ಕೈಯಾರೆ ನಿಮ್ಮನ್ನ ಕೊಲ್ಲಿಸಬೇಕಂತ ಮಾಡಿದ್ರೇನು?"

ಇವರು ಸೂರು ನೋಡುತ್ತಲೇ ಮೆಲ್ಲಗೆ ಹೇಳಿದರು.

"ಹೇಳಿದ್ರ ನೀ ರುಚಿ ನೋಡಾಕ ಚಾಲೂ ಮಾಡ್ತಿದ್ದಿ. ನನ್ನ ಸಲುವಾಗಿ ತವರು ಬಿಟ್ಟಿ, ಊರು ಬಿಟ್ಟಿ. ಬಾಯಿಯರೆ ನಿಂದು ನಿನಗಿರ್ಲಿ ಅಂತ ಸುಮ್ನಿದ್ದೆ."

ಬೋಗುಣಿ ಎತ್ತಿಕೊಂಡು ಹೋಗಿ ಸಾರನ್ನು ಚರಂಡಿಗೆ ಸುರಿದು ಬಂದೆ.

ಮರುದಿನ ಎರಡು ತತ್ತಿ ತಂದು ಉಪ್ಪಿಲ್ಲದ ಸಾರು ಮಾಡಿದೆ. ಗಂಗಾಳ ಮುಂದಿಡುವ ಮೊದಲು ಇವರ ಕೈ ಹಿಡಿದು ನನ್ನ ತಲೆಯ ಮೇಲಿಟ್ಟುಕೊಂಡೆ. "ಇನ್ನ ಸುಳ್ಳು ಹೇಳಂಗಿಲ್ಲಂತ ಆಣಿ ಮಾಡ್ರಿ" ಎಂದೆ. ಮಾಡಿದರು. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಥೂ, ಸಪ್ಪಗೈತಿ. ಬಾಯಾಗ ಇಡಾಂಗಿಲ್ಲ."

ಮದುವೆಯಾದಂದಿನಿಂದ ನನ್ನ ಅಡುಗೆಗೆ ಇವರು ಹೆಸರಿಟ್ಟದ್ದು ಅದೇ ಮೊದಲು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

"ಇನ್ನೂ ಬೈರಿ" ಎಂದೆ.